ರಾಹು ನುಂಗಿದ್ದೋ, ಚಂದ್ರ ಅಡ್ಡ ಬಂದದ್ದೋ? ಪ್ರಕೃತಿಯನ್ನು ಅರಿಯುವ ಎರಡು ದಾರಿಗಳು

ಗ್ರಹಣ ಹತ್ತಿರ ಬಂದಾಗ, ಎಲ್ಲೋ ಭೂಮಿ ನಡುಗಿದಾಗ, ಆಕಾಶದಲ್ಲಿ ಧೂಮಕೇತು ಕಾಣಿಸಿದಾಗ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬಂದು ಬೀಳುತ್ತವೆ. 'ಹಳೆಯ ಕಥೆಗಳೆಲ್ಲ ಬರೀ ಮೂಢನಂಬಿಕೆ' ಅನ್ನುವುದು ಒಂದು. 'ವಿಜ್ಞಾನಿಗಳು ಇವತ್ತು ಹೇಳುವುದೆಲ್ಲ ಆ ಕಥೆಗಳಲ್ಲಿ ಮೊದಲೇ ಇತ್ತು' ಅನ್ನುವುದು ಇನ್ನೊಂದು. ಎರಡನ್ನೂ ಓದಿ ಮುಗಿಸಿದರೂ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ. ಪುರಾಣದ ಕಥೆ ಪ್ರಕೃತಿಯನ್ನು ಹೇಗೆ ವಿವರಿಸುತ್ತದೆ? ವಿಜ್ಞಾನ ಹೇಗೆ ವಿವರಿಸುತ್ತದೆ? ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಏನು?

2027ರ ಆಗಸ್ಟ್ 2ರಂದು ದೊಡ್ಡದೊಂದು ಸೂರ್ಯಗ್ರಹಣ ಇದೆ. ಸ್ಪೇನಿನ ದಕ್ಷಿಣ ತುದಿ, ಮೊರಾಕೊ, ಅಲ್ಜೀರಿಯಾ, ಲಿಬಿಯಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮನ್, ಸೊಮಾಲಿಯಾಗಳ ಮೇಲೆ ಚಂದ್ರನ ನೆರಳು ಹಾದುಹೋಗುತ್ತದೆ. ಈಜಿಪ್ಟಿನಲ್ಲಿ ಕೆಲವು ಕಡೆ ಆರು ನಿಮಿಷಕ್ಕಿಂತ ಜಾಸ್ತಿ ಹೊತ್ತು ಸೂರ್ಯ ಪೂರ್ತಿ ಮರೆಯಾಗುತ್ತಾನೆ. ಆಗ ಈ ಪ್ರಶ್ನೆ ಮತ್ತೆ ಎದ್ದೇ ಏಳುತ್ತದೆ. ಹಾಗಾಗಿ ಗ್ರಹಣವನ್ನೇ ಹಿಡಿದುಕೊಂಡು ಶುರು ಮಾಡೋಣ.

ಎರಡು ಬಗೆಯ ವಿವರಣೆ

ಪುರಾಣದ ವಿವರಣೆಯಲ್ಲಿ ಪ್ರಕೃತಿಯ ಹಿಂದೆ ಯಾರೋ ಇರುತ್ತಾರೆ. ಅವರಿಗೆ ಮನಸ್ಸಿದೆ, ಕೋಪವಿದೆ, ಆಸೆಯಿದೆ, ಹಳೆಯ ಸೇಡೂ ಇದೆ. ಮಳೆ, ಸಿಡಿಲು, ಭೂಕಂಪ ಎಲ್ಲವೂ ಅಂಥವರು ಮಾಡಿದ ಕೆಲಸ. ಆದ್ದರಿಂದ ಅಲ್ಲಿ ಮೊದಲು ಹುಟ್ಟುವ ಪ್ರಶ್ನೆ 'ಯಾರು ಮಾಡಿದ್ದು, ಯಾಕೆ ಮಾಡಿದ್ದು?'

ವೈಜ್ಞಾನಿಕ ವಿವರಣೆಯಲ್ಲಿ ಮನಸ್ಸಿಗೆ ಜಾಗವಿಲ್ಲ. ಅಲ್ಲಿರುವುದು ವಸ್ತುಗಳು, ಅವುಗಳ ಚಲನೆ, ಯಾರಿಗಾಗಿಯೂ ಬದಲಾಗದ ನಿಯಮಗಳು. 'ಇದು ಹೇಗೆ ನಡೆಯುತ್ತದೆ?' ಎಂದು ಅದು ಕೇಳುತ್ತದೆ. ಆಮೇಲೆ ಇನ್ನೂ ಒಂದು ಪ್ರಶ್ನೆ ಸೇರಿಸುತ್ತದೆ: 'ನನ್ನ ಉತ್ತರ ತಪ್ಪಾಗಿದ್ದರೆ ಅದು ನನಗೆ ಗೊತ್ತಾಗುವುದು ಹೇಗೆ?' ಈ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಯಾಕೆ ಅಂತ ಮುಂದೆ ನೋಡೋಣ.

ನುಂಗುವ ಕಥೆ ಎಲ್ಲೆಡೆ ಯಾಕಿದೆ?

ಸೂರ್ಯಗ್ರಹಣವನ್ನು ಸರಿಯಾದ ರಕ್ಷಣಾ ಕನ್ನಡಕ ಹಾಕಿಕೊಂಡು ನೋಡಿದವರಿಗೆ ಗೊತ್ತು. ಮೊದಲು ಸೂರ್ಯನ ಅಂಚಿನಲ್ಲಿ ಸಣ್ಣದೊಂದು ಕಪ್ಪು ಗುರುತು ಮೂಡುತ್ತದೆ. ಸುಮಾರು ಹೊತ್ತು ಅದು ಬೆಳೆಯುತ್ತಲೇ ಇಲ್ಲವೇನೋ ಅನ್ನಿಸುತ್ತದೆ. ಆಮೇಲೆ ನೋಡಿದರೆ ಸೂರ್ಯನ ಒಂದು ಭಾಗವೇ ಇಲ್ಲ. ಅಲ್ಲಿ ಉಳಿದ ಅಂಚು ಗುಂಡಗೆ ಇರುತ್ತದೆ, ಥೇಟ್ ಯಾರೋ ಕಚ್ಚಿದ ಹಾಗೆ. ಅಡ್ಡ ಬಂದ ಚಂದ್ರ ಮಾತ್ರ ಕಾಣುವುದೇ ಇಲ್ಲ. ನಮ್ಮ ಕಡೆ ಇರುವ ಅವನ ಮುಖದ ಮೇಲೆ ಬಿಸಿಲು ಬಿದ್ದಿರುವುದಿಲ್ಲ, ಸುತ್ತಲಿನ ಆಕಾಶವೋ ಬೆಳ್ಳಗಿರುತ್ತದೆ. ಕಣ್ಣಿಗೆ ಕಾಣುವುದು ಕಚ್ಚಿದ ಗುರುತು ಮಾತ್ರ, ಕಚ್ಚಿದವರು ಯಾರೂ ಅಲ್ಲಿಲ್ಲ.

ಇದನ್ನು ನೋಡಿದ ಜನ ಏನು ಹೇಳಬಹುದಿತ್ತು? ಚೀನಾದಲ್ಲಿ ಡ್ರ್ಯಾಗನ್ ಸೂರ್ಯನನ್ನು ನುಂಗುತ್ತದೆ ಎಂದರು. ಸ್ಕ್ಯಾಂಡಿನೇವಿಯಾದ ಪುರಾಣಗಳಲ್ಲಿ ತೋಳಗಳು ಸೂರ್ಯ ಚಂದ್ರರನ್ನು ಅಟ್ಟಿಸಿಕೊಂಡು ಹೋಗುತ್ತವೆ. ಕೊರಿಯಾದ ಕಥೆಯಲ್ಲಿ ಬೆಂಕಿಯ ನಾಯಿಗಳು ಬಾಯಿ ಹಾಕುತ್ತವೆ. ಒಬ್ಬರಿಗೊಬ್ಬರು ದೂರವಿದ್ದ ಈ ಜನರೆಲ್ಲ ಕಣ್ಣಿಗೆ ಕಂಡದ್ದನ್ನು ನಂಬಿ ಕಥೆ ಕಟ್ಟಿದ್ದಾರೆ. ಅವರು ಗಮನವಿಟ್ಟು ನೋಡಿದ್ದರು ಅನ್ನುವುದಕ್ಕೆ ಈ ಕಥೆಗಳೇ ಸಾಕ್ಷಿ.

ರಾಹುವಿನ ಕಥೆಯನ್ನಂತೂ ಇನ್ನೂ ಹತ್ತಿರದಿಂದ ನೋಡಬೇಕು. ಅಮೃತ ಹಂಚುವಾಗ ಒಬ್ಬ ಅಸುರ ದೇವತೆಗಳ ವೇಷದಲ್ಲಿ ಪಂಕ್ತಿಯಲ್ಲಿ ಬಂದು ಕೂರುತ್ತಾನೆ. ಸೂರ್ಯ ಚಂದ್ರರು ಅದನ್ನು ಗುರುತಿಸಿ ವಿಷ್ಣುವಿಗೆ ಹೇಳಿಬಿಡುತ್ತಾರೆ. ಚಕ್ರ ಬಂದು ಕತ್ತು ಕತ್ತರಿಸುತ್ತದೆ. ಅಮೃತ ಗಂಟಲಿನವರೆಗೆ ಇಳಿದಿದ್ದರಿಂದ ತಲೆಗೆ ಸಾವಿಲ್ಲ. ಆ ತಲೆಯೇ ಸೇಡಿಗಾಗಿ ಸೂರ್ಯ ಚಂದ್ರರನ್ನು ಹಿಡಿದು ನುಂಗುತ್ತದೆ.

ಈ ಒಂದು ಕಥೆ ಎಷ್ಟು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ ನೋಡಿ. ಗ್ರಹಣ ಸೂರ್ಯ ಚಂದ್ರರಿಬ್ಬರಿಗೂ ಯಾಕೆ ಆಗುತ್ತದೆ? ಚಾಡಿ ಹೇಳಿದ್ದು ಇಬ್ಬರೂ ತಾನೇ. ಮತ್ತೆ ಮತ್ತೆ ಯಾಕೆ ಆಗುತ್ತದೆ? ಸೇಡು ತೀರಿಲ್ಲ. ನುಂಗಿದ ಸೂರ್ಯ ಹೊರಗೆ ಬರುವುದು ಹೇಗೆ? ತಲೆಯ ಕೆಳಗೆ ಹೊಟ್ಟೆಯೇ ಇಲ್ಲ, ಗಂಟಲಿನಿಂದ ಈಚೆ ಬರುತ್ತಾನೆ. ಹೀಗೆ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಯಾರೋ ಬಹಳ ಯೋಚಿಸಿಯೇ ಕಟ್ಟಿದ್ದಾರೆ. ಇದನ್ನು ದಡ್ಡರ ಕಥೆ ಎಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಇದೇ ಕಥೆ ಮೂರು ಕಡೆ ಸುಮ್ಮನಾಗುತ್ತದೆ. ಸೂರ್ಯಗ್ರಹಣ ಅಮಾವಾಸ್ಯೆಗೇ, ಚಂದ್ರಗ್ರಹಣ ಹುಣ್ಣಿಮೆಗೇ ಯಾಕೆ ಆಗಬೇಕು? ಸೇಡಿಗೆ ತಿಥಿ ಬೇಕೇ? ಮುಂದಿನ ಗ್ರಹಣ ಯಾವಾಗ? ಒಂದು ಊರಿನಲ್ಲಿ ಪೂರ್ತಿ ಮರೆಯಾದ ಸೂರ್ಯ ಅದೇ ಹೊತ್ತಿಗೆ ದೂರದ ಇನ್ನೊಂದು ಊರಿನಲ್ಲಿ ಅರ್ಧ ಮಾತ್ರ ಮರೆಯಾಗುವುದು ಹೇಗೆ?

ಕಾರಣ ಗೊತ್ತಿಲ್ಲದೆ ಲೆಕ್ಕ ಹಿಡಿದವರು

ಗ್ರಹಣ ಯಾವಾಗ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಬಾಬಿಲೋನಿನ ಪಂಡಿತರು ಮೊದಲಿಗರ ಸಾಲಿನಲ್ಲಿದ್ದಾರೆ. ಅವರು ತಲೆಮಾರುಗಳ ಕಾಲ ಗ್ರಹಣಗಳನ್ನು ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟರು. ಆ ಪಟ್ಟಿಯೊಳಗಿಂದ ಒಂದು ಆವರ್ತನೆ ಎದ್ದು ಕಂಡಿತು. 223 ಚಾಂದ್ರಮಾಸಗಳು, ಅಂದರೆ ಸುಮಾರು 18 ವರ್ಷ, 11 ದಿನ, 8 ಗಂಟೆ ಕಳೆದ ಮೇಲೆ ಹೆಚ್ಚು ಕಡಿಮೆ ಅಂಥದ್ದೇ ಗ್ರಹಣ ಮತ್ತೆ ಬರುತ್ತದೆ. ಇದಕ್ಕೆ ಈಗ ಸಾರೋಸ್ ಚಕ್ರ ಎಂಬ ಹೆಸರಿದೆ.

ಇದನ್ನು ನೀವೇ ಪರೀಕ್ಷಿಸಬಹುದು. 2009ರ ಜುಲೈ 22ರ ಬೆಳಿಗ್ಗೆ ಪೂರ್ಣ ಸೂರ್ಯಗ್ರಹಣವಾಗಿತ್ತು. ಸೂರತ್, ವಾರಾಣಸಿ, ಪಟ್ನಾಗಳ ಮೇಲೆ ನೆರಳು ಹಾದು ಚೀನಾದ ಕಡೆ ಹೋಗಿತ್ತು. ಆ ದಿನಕ್ಕೆ 18 ವರ್ಷ 11 ದಿನ ಸೇರಿಸಿ. 2027ರ ಆಗಸ್ಟ್ 2 ಬರುತ್ತದೆ. ಉಳಿದ 8 ಗಂಟೆಯಲ್ಲಿ ಭೂಮಿ ತನ್ನ ಸುತ್ತಿನ ಮೂರನೇ ಒಂದು ಭಾಗ ತಿರುಗಿರುತ್ತದೆ. ಅದಕ್ಕೇ ಈ ಸಲ ನೆರಳು ಪಶ್ಚಿಮಕ್ಕೆ ಸರಿದು ಆಫ್ರಿಕಾದ ಉತ್ತರ ಭಾಗದ ಮೇಲೆ ಬೀಳುತ್ತದೆ.

ಇಷ್ಟು ಚೆನ್ನಾಗಿ ಲೆಕ್ಕ ಹಿಡಿದವರೂ ಗ್ರಹಣವನ್ನು ದೇವತೆಗಳು ರಾಜನಿಗೆ ಕಳಿಸಿದ ಅಪಾಯದ ಸೂಚನೆ ಎಂದೇ ನಂಬಿದ್ದರು. ಪಕ್ಕದ ಅಸ್ಸೀರಿಯಾದಲ್ಲಿ ಕೆಟ್ಟ ಗ್ರಹಣ ಬಂದಾಗ ಬೇರೊಬ್ಬನನ್ನು ಬದಲಿ ರಾಜನಾಗಿ ಸಿಂಹಾಸನದ ಮೇಲೆ ಕೂರಿಸುತ್ತಿದ್ದರು. ಕೆಡುಕು ಅವನಿಗೆ ತಟ್ಟಲಿ ಎಂದು ಕೊನೆಗೆ ಅವನನ್ನು ಕೊಲ್ಲುತ್ತಿದ್ದರು. ಮುಂದೆ ಆಗುವುದನ್ನು ಹೇಳುವುದು ಒಂದು, ಅದು ಯಾಕಾಗುತ್ತದೆ ಎಂದು ತಿಳಿಯುವುದು ಇನ್ನೊಂದು. ಮೊದಲನೆಯದು ಕೈಗೆ ಸಿಕ್ಕಿದ ಮೇಲೂ ಎರಡನೆಯದು ದೂರವೇ ಇರಬಹುದು.

ನೆರಳಿನ ವಿವರಣೆ

ಭಾರತದಲ್ಲಿ ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ನೇರವಾಗಿಯೇ ಹೇಳಿದ. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಗ್ರೀಕರಲ್ಲೂ ಇದೇ ವಿವರಣೆ ಅದಕ್ಕೆ ಬಹಳ ಮೊದಲೇ ಇತ್ತು. ಚಂದ್ರನ ಮೇಲೆ ಬೀಳುವ ಭೂಮಿಯ ನೆರಳಿನ ಅಂಚು ಗುಂಡಗಿರುವುದನ್ನು ನೋಡಿ, ಭೂಮಿ ಗುಂಡಗಿದೆ ಎಂದು ಅರಿಸ್ಟಾಟಲ್ ವಾದಿಸಿದ್ದ. ಸರಿಯಾದ ವಿವರಣೆಯ ಒಂದು ಗುಣ ಇದು. ಗ್ರಹಣದ ಬಗ್ಗೆ ಕೇಳಿದರೆ ಭೂಮಿಯ ಆಕಾರವನ್ನೂ ಹೇಳಿಬಿಡುತ್ತದೆ.

ಆರನೆಯ ಶತಮಾನದ ವರಾಹಮಿಹಿರ ಇದಕ್ಕೆ ಒಂದು ಚಂದದ ವಾದ ಸೇರಿಸಿದ. ಚಂದ್ರಗ್ರಹಣದಲ್ಲಿ ಚಂದ್ರ ಪೂರ್ವಕ್ಕೆ ಸಾಗುತ್ತಾ ಭೂಮಿಯ ನೆರಳಿನೊಳಗೆ ಹೋಗುತ್ತಾನೆ. ಹಾಗಾಗಿ ಅವನ ಪೂರ್ವದ ಅಂಚು ಮೊದಲು ಕಪ್ಪಾಗುತ್ತದೆ. ಸೂರ್ಯಗ್ರಹಣದಲ್ಲಿ ಅದೇ ಚಂದ್ರ ಪಶ್ಚಿಮದ ಕಡೆಯಿಂದ ಬಂದು ಸೂರ್ಯನನ್ನು ಮುಚ್ಚುತ್ತಾನೆ. ಅಲ್ಲಿ ಪಶ್ಚಿಮದ ಅಂಚು ಮೊದಲು ಮರೆಯಾಗುತ್ತದೆ. ನುಂಗುವವನು ಒಬ್ಬನೇ ಆಗಿದ್ದರೆ ಒಬ್ಬನನ್ನು ಈ ಕಡೆಯಿಂದ, ಇನ್ನೊಬ್ಬನನ್ನು ಆ ಕಡೆಯಿಂದ, ಅದೂ ಪ್ರತಿ ಸಲ ಹಾಗೆಯೇ ಯಾಕೆ ನುಂಗಬೇಕು? ನೆರಳಿನ ಲೆಕ್ಕದಲ್ಲಿ ಹೀಗೇ ಆಗಬೇಕು, ಬೇರೆ ರೀತಿ ಆಗಲು ಸಾಧ್ಯವೇ ಇಲ್ಲ. ಮುಂದಿನ ಗ್ರಹಣಗಳಲ್ಲಿ ಯಾರು ಬೇಕಾದರೂ ಇದನ್ನು ಗಮನಿಸಬಹುದು.

ಇದನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. 628ರಲ್ಲಿ ಬ್ರಹ್ಮಗುಪ್ತ, ರಾಹು ಕಾರಣವಲ್ಲ ಎನ್ನುವವರು ಶಾಸ್ತ್ರಕ್ಕೆ ವಿರುದ್ಧ ಹೋಗುತ್ತಿದ್ದಾರೆ ಎಂದು ಆಕ್ಷೇಪಿಸಿದ. ಆದರೆ ಅವನೂ ಗ್ರಹಣದ ಲೆಕ್ಕ ಹಾಕಿದ್ದು ಚಂದ್ರನ ಗಾತ್ರ ಮತ್ತು ಭೂಮಿಯ ನೆರಳನ್ನು ಇಟ್ಟುಕೊಂಡೇ.

ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ? ಎರಡು ಬಳೆಗಳನ್ನು ಒಂದರೊಳಗೊಂದು ತುಸು ಓರೆಯಾಗಿ ಇಟ್ಟು ನೋಡಿ. ಅವು ಎರಡೇ ಕಡೆ ಒಂದನ್ನೊಂದು ದಾಟುತ್ತವೆ. ನಮ್ಮ ಆಕಾಶದಲ್ಲಿ ಸೂರ್ಯ ಸಾಗುವ ದಾರಿ ಒಂದು ಬಳೆ, ಚಂದ್ರನ ದಾರಿ ಇನ್ನೊಂದು. ಇವುಗಳ ನಡುವೆ ಸುಮಾರು 5 ಡಿಗ್ರಿ ಓರೆ ಇದೆ. ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಸ್ವಲ್ಪ ಮೇಲೋ ಕೆಳಗೋ ಹಾದುಹೋಗುತ್ತಾನೆ. ದಾರಿಗಳು ದಾಟುವ ಆ ಎರಡು ಬಿಂದುಗಳ ಹತ್ತಿರವೇ ಅಮಾವಾಸ್ಯೆಯೋ ಹುಣ್ಣಿಮೆಯೋ ಬಿದ್ದಾಗ ಮಾತ್ರ ಗ್ರಹಣ.

ಭಾರತೀಯ ಜ್ಯೋತಿಷಶಾಸ್ತ್ರದಲ್ಲಿ ಆ ಎರಡು ಬಿಂದುಗಳಿಗೆ ಇಟ್ಟ ಹೆಸರು ರಾಹು ಮತ್ತು ಕೇತು. ನುಂಗುವ ತಲೆ ಹೋಯಿತು, ಅದರ ಹೆಸರು ಗಣಿತದ ಬಿಂದುವಾಗಿ ಉಳಿಯಿತು. ಇದನ್ನು ನೋಡಿ 'ರಾಹು ಅಂದರೆ ಮೊದಲಿನಿಂದಲೂ ಈ ಬಿಂದುವೇ, ಕಥೆ ಬರೀ ಸಂಕೇತ' ಎನ್ನುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಹಾಗಿದ್ದಿದ್ದರೆ ವರಾಹಮಿಹಿರ ರಾಹುವಿನ ವಿರುದ್ಧ ಅಷ್ಟು ಹೊತ್ತು ವಾದ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ, ಅಲ್ವಾ?

ವಿಜ್ಞಾನವೂ ಕಾಣದ್ದನ್ನು ಕಲ್ಪಿಸಿಕೊಳ್ಳುತ್ತದೆ

ಪುರಾಣದಲ್ಲಿ ಕಲ್ಪನೆ ಇದೆ, ವಿಜ್ಞಾನದಲ್ಲಿ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಫ್ರಾನ್ಸಿನ ಲೆವೆರಿಯೆ ಎಂಬ ಖಗೋಳ ವಿಜ್ಞಾನಿಯ ಎರಡು ಕಲ್ಪನೆಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ.

ಯುರೇನಸ್ ಗ್ರಹ ಲೆಕ್ಕಕ್ಕೆ ಸರಿಯಾಗಿ ಸಾಗುತ್ತಿರಲಿಲ್ಲ. ಯಾರಿಗೂ ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ ಎಂದು ಲೆವೆರಿಯೆ ಊಹಿಸಿದ. ಅದು ಆಕಾಶದಲ್ಲಿ ಎಲ್ಲಿರಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಬರ್ಲಿನ್‌ಗೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಗಾಲೆ ಎಂಬಾತ ದೂರದರ್ಶಕವನ್ನು ಆ ಕಡೆ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯ ಒಳಗೇ ಹೊಸ ಗ್ರಹ ಸಿಕ್ಕಿತು. ಅದೇ ನೆಪ್ಚೂನ್.

ಬುಧ ಗ್ರಹದಲ್ಲೂ ಇಂಥದ್ದೇ ಸಣ್ಣ ಎಡವಟ್ಟಿತ್ತು. ಅದರ ಕಕ್ಷೆ ನೂರು ವರ್ಷಕ್ಕೆ ಸುಮಾರು 43 ಆರ್ಕ್ ಸೆಕೆಂಡಿನಷ್ಟು ಹೆಚ್ಚು ತಿರುಗುತ್ತಿತ್ತು. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್ ಸೆಕೆಂಡ್. ಹಳೆಯ ಗೆಲುವಿನ ದಾರಿಯಲ್ಲೇ ನಡೆದ ಲೆವೆರಿಯೆ, ಸೂರ್ಯನ ಹತ್ತಿರ ಇನ್ನೊಂದು ಕಾಣದ ಗ್ರಹ ಇರಬೇಕು ಎಂದು 1859ರಲ್ಲಿ ಹೇಳಿದ. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಸೂರ್ಯನ ಪಕ್ಕದಲ್ಲಿರುವುದನ್ನು ನೋಡಬೇಕಾದರೆ ಸೂರ್ಯ ಮರೆಯಾಗಬೇಕು, ಹಾಗಾಗಿ ಗ್ರಹಣಗಳಲ್ಲಿ ಹುಡುಕಾಟ ನಡೆಯಿತು. 1878ರ ಗ್ರಹಣದಲ್ಲಿ ಇಬ್ಬರು ಕಂಡೆವು ಎಂದೂ ಹೇಳಿದರು. ಮುಂದೆ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಇಲ್ಲದ ಗ್ರಹ ಸಿಗುವುದಾದರೂ ಹೇಗೆ?

1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನೇ ಹೊಸದಾಗಿ ವಿವರಿಸಿದಾಗ ಆ 43 ಆರ್ಕ್ ಸೆಕೆಂಡ್ ಯಾವ ಹೊಸ ಗ್ರಹದ ನೆರವೂ ಇಲ್ಲದೆ ಲೆಕ್ಕಕ್ಕೆ ಕೂತಿತು. ವಲ್ಕನ್ ಪುಸ್ತಕಗಳಿಂದ ಹೊರಟುಹೋಯಿತು. ಅದರ ಹಿಂದೆ ಎಂಥ ದೊಡ್ಡ ಹೆಸರಿತ್ತು ಅನ್ನುವುದು ಅದನ್ನು ಉಳಿಸಲಿಲ್ಲ.

ಐನ್‌ಸ್ಟೈನ್ ಸಿದ್ಧಾಂತಕ್ಕೂ ಪರೀಕ್ಷೆ ತಪ್ಪಲಿಲ್ಲ. ಸೂರ್ಯನ ಅಂಚಿನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು 1.75 ಆರ್ಕ್ ಸೆಕೆಂಡಿನಷ್ಟು ಬಾಗಬೇಕು ಎಂದು ಅದು ಮೊದಲೇ ಹೇಳಿಬಿಟ್ಟಿತ್ತು. ನ್ಯೂಟನ್ ನಿಯಮದ ಪ್ರಕಾರ ಅದರ ಅರ್ಧದಷ್ಟು ಬರಬೇಕಿತ್ತು. 1919ರ ಮೇ 29ರ ಗ್ರಹಣದಲ್ಲಿ ಒಂದು ತಂಡ ಆಫ್ರಿಕಾದ ಬಳಿಯ ಪ್ರಿನ್ಸಿಪೆ ದ್ವೀಪದಿಂದ, ಇನ್ನೊಂದು ಬ್ರೆಜಿಲ್‌ನ ಸೊಬ್ರಾಲ್‌ನಿಂದ ನಕ್ಷತ್ರಗಳ ಫೋಟೊ ತೆಗೆದವು. ಅಳತೆ ಐನ್‌ಸ್ಟೈನ್ ಕಡೆಗೆ ವಾಲಿತು. ಆಮೇಲೆ ಇನ್ನೂ ಸೂಕ್ಷ್ಮವಾದ ಅಳತೆಗಳು ಅದನ್ನೇ ಗಟ್ಟಿ ಮಾಡಿವೆ.

ಊಹೆ ಎಷ್ಟೇ ವಿಚಿತ್ರವಾಗಿದ್ದರೂ ಪರವಾಗಿಲ್ಲ. ಇಂಥ ಕಡೆ, ಇಷ್ಟು ಹೊತ್ತಿಗೆ, ಇಷ್ಟೇ ಕಾಣಬೇಕು ಎಂದು ಅದು ಮೊದಲೇ ಹೇಳಬೇಕು. ಕಾಣದಿದ್ದರೆ ಬಿಟ್ಟುಕೊಡಬೇಕು. ಇಂಥ ಪರೀಕ್ಷೆಗಳನ್ನು ಎಷ್ಟೋ ಸಲ ದಾಟಿ ನಿಂತ, ಹಲವು ಸಂಗತಿಗಳನ್ನು ಒಟ್ಟಿಗೆ ವಿವರಿಸುವ ತಿಳಿವಿಗೆ ವಿಜ್ಞಾನದಲ್ಲಿ ಸಿದ್ಧಾಂತ ಎನ್ನುತ್ತಾರೆ. 'ಅದು ಬರೀ ಸಿದ್ಧಾಂತ ಅಷ್ಟೇ' ಎಂದು ಹಗುರವಾಗಿ ಹೇಳುವ ಮಾತಿಗೆ ಅರ್ಥವಿಲ್ಲ. ರಾಹುವಿನ ಕಥೆಯಲ್ಲಿ ಹೀಗೆ ಬಿಟ್ಟುಕೊಡುವ ಜಾಗವೇ ಇಲ್ಲ. ಗ್ರಹಣ ಯಾವಾಗ ಬಂದರೂ, ಯಾವ ಕಡೆಯಿಂದ ಶುರುವಾದರೂ ಕಥೆ ಹಾಗೇ ನಿಲ್ಲುತ್ತದೆ.

ಕಥೆಯೊಳಗೆ ನಿಜವಾದ ನೆನಪಿದ್ದರೆ?

ಹಾಗಂತ ಹಳೆಯ ಕಥೆಗಳಿಗೆ ಕಿವಿ ಮುಚ್ಚಿಕೊಂಡರೆ ವಿಜ್ಞಾನಕ್ಕೇ ನಷ್ಟ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಲ್ಲಿ ಗುಡುಗು ಹಕ್ಕಿ ಮತ್ತು ತಿಮಿಂಗಿಲ ಹೊಡೆದಾಡುವ ಕಥೆಗಳಿವೆ. ಆ ಹೊಡೆದಾಟಕ್ಕೆ ನೆಲ ನಡುಗುತ್ತದೆ, ಸಮುದ್ರ ಉಕ್ಕುತ್ತದೆ. ಚಳಿಗಾಲದ ಒಂದು ರಾತ್ರಿ ಹಳ್ಳಿಗೆ ಹಳ್ಳಿಯೇ ಕೊಚ್ಚಿಹೋದ ನೆನಪೂ ಕೆಲವು ಸಮುದಾಯಗಳಲ್ಲಿದೆ. ಆ ಕರಾವಳಿಯ ಲಿಖಿತ ಇತಿಹಾಸ ಚಿಕ್ಕದು. ಅದರಲ್ಲಿ ಅಂಥ ಭಾರಿ ಭೂಕಂಪದ ಸುದ್ದಿ ಇರಲಿಲ್ಲ.

1980ರ ದಶಕದಲ್ಲಿ ಭೂವಿಜ್ಞಾನಿಗಳಿಗೆ ಅಲ್ಲಿ ಕುಸಿದು ಮುಳುಗಿದ ಜೌಗು ನೆಲ, ಅದರ ಮೇಲೆ ಸಮುದ್ರ ತಂದು ಹಾಸಿದ ಮರಳು, ಉಪ್ಪು ನೀರಿಗೆ ಸಿಕ್ಕಿ ಸತ್ತು ನಿಂತ ಮರಗಳು ಕಂಡವು. ಆ ಮರಗಳ ಬೆಳವಣಿಗೆಯ ಉಂಗುರ ಎಣಿಸಿದಾಗ ಅವು 1699ರ ಆಗಸ್ಟ್ ಮತ್ತು 1700ರ ಮೇ ನಡುವೆ ಸತ್ತಿದ್ದವು ಎಂದು ತಿಳಿಯಿತು. ಇತ್ತ ಜಪಾನಿನ ದಾಖಲೆಗಳಲ್ಲಿ 1700ರ ಜನವರಿಯ ಒಂದು ಸುನಾಮಿಯ ವಿವರವಿತ್ತು. ಅದಕ್ಕೆ ಮುಂಚೆ ಅಲ್ಲಿ ನೆಲ ನಡುಗಿರಲೇ ಇಲ್ಲ, ಅಂದರೆ ಅಲೆ ಎಲ್ಲೋ ದೂರದಿಂದ ಬಂದಿತ್ತು. ಎರಡನ್ನೂ ಜೋಡಿಸಿದಾಗ 1700ರ ಜನವರಿ 26ರ ರಾತ್ರಿ ಸುಮಾರು 9 ಗಂಟೆಗೆ ಅಮೆರಿಕದ ಕರಾವಳಿಯಲ್ಲಿ 9ರ ಆಸುಪಾಸಿನ ತೀವ್ರತೆಯ ಭೂಕಂಪ ಆಗಿತ್ತು ಎಂಬುದು ಹೊರಬಂತು. ಚಳಿಗಾಲ, ರಾತ್ರಿ, ಉಕ್ಕಿದ ಸಮುದ್ರ ಎಲ್ಲವೂ ಹೊಂದುತ್ತವೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ಇಡಬೇಕು. ಕಥೆ ಹೇಳಿದ ಕಾರಣ ನಿಲ್ಲಲಿಲ್ಲ, ಒಂದು ಭೂಫಲಕ (ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡು) ಇನ್ನೊಂದರ ಅಡಿಗೆ ತೂರುವುದೇ ಕಾರಣ. ಕಥೆ ಹೊತ್ತು ತಂದ ಘಟನೆ ಮಾತ್ರ ನಿಜವೇ. ಆದರೆ ಅದು ನಿಜ ಎಂದು ಗೊತ್ತಾದದ್ದು ಮರಳು, ಮರ, ದಾಖಲೆಗಳು ಸಾಕ್ಷಿ ಹೇಳಿದ ಮೇಲೆ.

ಇಂಡೋನೇಷ್ಯಾದ ಸಿಮೆಲು ದ್ವೀಪದಲ್ಲಿ ಇಂಥ ನೆನಪು ಜೀವವನ್ನೇ ಉಳಿಸಿತು. 1907ರಲ್ಲಿ ಸುನಾಮಿಗೆ ಅಲ್ಲಿ ಬಹಳ ಜನ ಸತ್ತಿದ್ದರು. ಬದುಕಿದವರು ಅದಕ್ಕೆ 'ಸ್ಮಾಂಗ್' ಎಂದು ಹೆಸರಿಟ್ಟು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಾ ಬಂದರು. ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡಿ, ಕಾಯಬೇಡಿ. 2004ರ ಡಿಸೆಂಬರ್ 26ರಂದು ಅಲೆ ಕೆಲವೇ ನಿಮಿಷಗಳಲ್ಲಿ ಆ ದ್ವೀಪಕ್ಕೆ ಬಂತು. ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. ಇದು ಪುರಾಣಕ್ಕಿಂತ ಬಾಯಿಂದ ಬಾಯಿಗೆ ಬಂದ ಅನುಭವದ ಮಾತು. ಆದರೂ ಕಥೆಯ ರೂಪದಲ್ಲಿ ಇಟ್ಟ ತಿಳಿವು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಇದು ತೋರಿಸುತ್ತದೆ.

'ಎಲ್ಲವೂ ಮೊದಲೇ ಇತ್ತು' ಅನ್ನುವ ಮಾತನ್ನು ಅಳೆಯುವುದು ಹೇಗೆ?

ಹಳೆಯ ಕಥೆಯಲ್ಲಿ ಹೊಸ ವಿಜ್ಞಾನ ಇದೆ ಎಂದು ಯಾರಾದರೂ ಹೇಳಿದರೆ ಒಂದೇ ಒಂದು ವಿಷಯ ಕೇಳಿ. ವಿಜ್ಞಾನಿಗಳು ಕಂಡುಹಿಡಿಯುವುದಕ್ಕೆ ಮೊದಲು ಆ ಕಥೆಯನ್ನು ಓದಿ ಯಾರಾದರೂ ಈ ಸಂಗತಿಯನ್ನು ಹೇಳಿದ್ದರೇ? ಉತ್ತರ ಗೊತ್ತಾದ ಮೇಲೆ ಕಥೆಯಲ್ಲಿ ಅದನ್ನು ಹುಡುಕುವುದು ಸುಲಭ. ಕಥೆಯ ಮಾತುಗಳು ಎಷ್ಟೋ ಅರ್ಥಕ್ಕೆ ಬಾಗುತ್ತವೆ, ಅದೇ ಅವುಗಳ ಸೊಗಸು. ಆರ್ಯಭಟ, ವರಾಹಮಿಹಿರರ ವಿಷಯವೇ ಬೇರೆ. ಅವರು ಬಿಡಿಸಿ ಬರೆದರು, ಲೆಕ್ಕ ಕೊಟ್ಟರು, ಆಕಾಶ ನೋಡಿ ತಾಳೆ ಹಾಕುವಂತೆ ಇಟ್ಟರು. ಅವರ ಬಗ್ಗೆ ಹೆಮ್ಮೆ ಪಡಲು ಯಾವ ಕಥೆಯನ್ನೂ ತಿರುಚಬೇಕಿಲ್ಲ.

ಇದೇ ಅಳತೆಯನ್ನು ವಿಜ್ಞಾನದ ಹೆಸರಿನಲ್ಲಿ ಬರುವ ಮಾತುಗಳಿಗೂ ಹಚ್ಚಬೇಕು. ಭೂಕಂಪದ ಮಾತನ್ನೇ ತೆಗೆದುಕೊಳ್ಳಿ. ಯಾವ ಪ್ರದೇಶದಲ್ಲಿ ಅಪಾಯ ಜಾಸ್ತಿ, ಮುಂದಿನ ಕೆಲವು ದಶಕಗಳಲ್ಲಿ ದೊಡ್ಡ ಕಂಪನ ಬರುವ ಸಾಧ್ಯತೆ ಎಷ್ಟು ಎಂಬುದನ್ನು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ಇಂಥ ದಿನ, ಇಷ್ಟು ಗಂಟೆಗೆ ಎಂದು ಹೇಳಲು ಇವತ್ತಿಗೂ ಆಗುವುದಿಲ್ಲ, ಅದನ್ನು ಅವರೇ ಸ್ಪಷ್ಟವಾಗಿ ಹೇಳುತ್ತಾರೆ. 'ನಾಳೆ ರಾತ್ರಿ ಭೂಕಂಪ' ಎಂಬ ಸಂದೇಶ ಯಾವುದೇ ಸಂಸ್ಥೆಯ ಹೆಸರು ಹೊತ್ತು ಬಂದರೂ ನಂಬಬೇಡಿ, ಮುಂದಕ್ಕೆ ಕಳಿಸಬೇಡಿ.

ಕಂಪನ ಶುರುವಾದ ಮೇಲೆ ಎಚ್ಚರಿಸುವುದು ಮಾತ್ರ ಸಾಧ್ಯವಾಗಿದೆ. ಭೂಕಂಪದಿಂದ ಎರಡು ಬಗೆಯ ಅಲೆಗಳು ನೆಲದೊಳಗೆ ಹೊರಡುತ್ತವೆ. ಮೊದಲ ಅಲೆ ವೇಗದ್ದು, ಹಾನಿ ಕಡಿಮೆ. ಎರಡನೆಯದು ನಿಧಾನ, ಹೆಚ್ಚು ಅಲುಗಾಡಿಸುವುದು ಅದೇ. ಮೊದಲ ಅಲೆಯನ್ನು ಉಪಕರಣಗಳು ಹಿಡಿದ ಕೂಡಲೇ ಮೊಬೈಲ್‌ಗಳಿಗೆ, ರೈಲುಗಳಿಗೆ ಸೂಚನೆ ಹೋಗುತ್ತದೆ. ಜಪಾನಿನಲ್ಲಿ ಈ ವ್ಯವಸ್ಥೆ ಇದೆ. ಕೇಂದ್ರದಿಂದ ದೂರ ಇದ್ದವರಿಗೆ ಕೆಲವು ಸೆಕೆಂಡುಗಳಿಂದ ಹತ್ತಾರು ಸೆಕೆಂಡುಗಳವರೆಗೆ ಸಮಯ ಸಿಗುತ್ತದೆ. ತೀರಾ ಹತ್ತಿರ ಇದ್ದವರಿಗೆ ಸಿಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ರೈಲಿನ ವೇಗ ತಗ್ಗಿಸಬಹುದು, ಗ್ಯಾಸ್ ಆರಿಸಬಹುದು, ಗಟ್ಟಿಯಾದ ಮೇಜಿನ ಕೆಳಗೆ ಸೇರಿಕೊಳ್ಳಬಹುದು.